ಡ್ರಾಕುಲಾ ನಟರ ಉತ್ತರಚರಿತ

ಕಾವ್ಯವಿಮರ್ಶೆಯಲ್ಲಿ ಕವಿಯ ವಿಚಾರವನ್ನು ನಾವು ಬಹಳವಾಗಿ ಮಾಡುತ್ತೇವೆ. ಕೃತಿಯ ವಿಚಾರವನ್ನು ಅದಕ್ಕಿಂತಲೂ ಹೆಚ್ಚಾಗಿ ಮಾಡುತ್ತೇವೆ. ಸಹೃದಯನ ವಿಚಾರವನ್ನಂತೂ ನಮ್ಮ ಆಲಂಕಾರಿಕರು ಅತಿಸೂಕ್ಷ್ಮವಾಗಿ ಮಾಡಿಟ್ಟಿದ್ದಾರೆ. ನಟನ ವಿಚಾರವು ಮಾತ್ರ ತೆರೆ ಬಿದ್ದೊಡನೆ ಮುಗಿದುಹೋಗುವುದು. ಬಣ್ಣವನ್ನು ತೊಳೆದುಕೊಂಡು ಮನೆಗೆ ಹೋದವನಿಗೆ ಮುಂದೆ ಏನಾಯಿತೆಂದು ಕೇಳುವವರು ವಿರಳ. ಚಲಚ್ಚಿತ್ರವು ಹುಟ್ಟಿದಮೇಲೆ ಈ ಔದಾಸೀನ್ಯವು ಸಲ್ಲದು. ಏಕೆಂದರೆ ರಂಗಸ್ಥಳದ ವೇಷವು ರಾತ್ರಿ ಕಳೆದರೆ ಅಳಿಯುತ್ತದೆ; ಚಿತ್ರಸುರುಳಿಯ ವೇಷವು ನಟನು ಮುದುಕನಾದರೂ, ಗತಿಸಿದರೂ, ಹಾಗೆಯೇ ಉಳಿಯುತ್ತದೆ. ಅಳಿಯದ ಆ ವೇಷಕ್ಕೂ ಅಳಿಯುವ ಈ ಮನುಷ್ಯನಿಗೂ ನಡುವೆ ಏನು ನಡೆಯಿತೆಂಬುದು ವಿಮರ್ಶಕನು ಕೇಳತಕ್ಕ ಪ್ರಶ್ನೆಯೇ ಆಗಿದೆ. ಈ ಪ್ರಶ್ನೆಗೆ 1931ರ ‘ಡ್ರಾಕುಲಾ’ ಎಂಬ ಅಮೆರಿಕದ ವಾಕ್ಚಿತ್ರಕ್ಕಿಂತ ತಕ್ಕ ಉದಾಹರಣೆಯು ದೊರೆಯುವುದು ಕಷ್ಟ.

ಮೊದಲು ಕೃತಿಯ ವಿಷಯವಾಗಿ ಎರಡು ಮಾತು. ಐರ್ಲೆಂಡಿನ ಬ್ರಾಮ್ ಸ್ಟೋಕರನು ಹೆನ್ರಿ ಅರ್ವಿಂಗನೆಂಬ ಮಹಾನಟನ ನಾಟಕಶಾಲೆಯಲ್ಲಿ ವ್ಯವಸ್ಥಾಪಕನಾಗಿದ್ದವನು. ಅವನು 1897ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಹ್ಯಾಮಿಲ್ಟನ್ ಡೀನನು ನಾಟಕವಾಗಿ ಮಾಡಿದನು. ಅದನ್ನು ಜಾನ್ ಬಾಲ್ಡರ್‌ಸ್ಟನ್ ತಿದ್ದಲು, 1927ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದಿತು. ಆ ನಾಟಕದ ಮೇಲೆ ಯೂನಿವರ್ಸಲ್ ಸಂಸ್ಥೆಯವರು ಟಾಡ್ ಬ್ರೌನಿಂಗನ ನಿರ್ದೇಶನದಲ್ಲಿ, ಕಾರ್ಲ್ ಫ್ರಾಯಿಂಡನ ಛಾಯಾಗ್ರಹಣದಲ್ಲಿ, 1930ರಲ್ಲಿ ಚಿತ್ರವನ್ನು ತೆಗೆದು 1931ರ ಫೆಬ್ರವರಿಯಲ್ಲಿ ಹೊರಪಡಿಸಿದರು. ಸತ್ತೂ ಸಾಯದ ಪ್ರಭುವೊಬ್ಬನು ರಾತ್ರಿವೇಳೆ ಸಮಾಧಿಯಿಂದೆದ್ದು ಜೀವಂತರ ರಕ್ತವನ್ನು ಹೀರಿ ಬಾಳುವನೆಂಬುದೇ ಕಥೆ. ನಮ್ಮ ಕಥೆಗಳ ಬೇತಾಳನು ಇವನಲ್ಲ. ರಿಚರ್ಡ್ ಬರ್ಟನನು 1870ರಲ್ಲಿ ವಿಕ್ರಮ ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳಕ್ಕೆ ಈ ರಕ್ತಪಿಪಾಸುವಿನ ಹೆಸರನ್ನೇ ಇಟ್ಟನಾದರೂ, ನಮ್ಮ ಬೇತಾಳನು ಹೆಣದೊಳಗೆ ಕುಳಿತು ರಾಜನ ಧರ್ಮಬುದ್ಧಿಯನ್ನು ಪರೀಕ್ಷಿಸುವ ಪಂಡಿತ; ಅವನಿಗೆ ಬೇಕಾದುದು ಉತ್ತರ, ರಕ್ತವಲ್ಲ.

ಚಿತ್ರವಾಗಿ ಇದು ಸಮಾನವಾದ ಕೃತಿಯಲ್ಲ. ಟ್ರಾನ್ಸಿಲ್ವೇನಿಯದ ಕೋಟೆಯಲ್ಲಿ ನಡೆಯುವ ಮೊದಲ ಭಾಗವು ಗಂಭೀರವಾದ ನಿಶ್ಶಬ್ದದಿಂದ ಕೂಡಿ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಲಂಡನ್ನಿಗೆ ಬಂದಮೇಲೆ ನಾಟಕದ ದಿವಾನಖಾನೆಯ ಸಂಭಾಷಣೆಯೇ ಮುಂದೆ ನಿಂತು ವೇಗವು ಕುಂದುತ್ತದೆ. ಆದರೂ ಒಂದು ಗುಣವನ್ನು ಹೇಳದಿರಲಾಗದು. ಇಲ್ಲಿ ಕೋರೆಹಲ್ಲು ಕಾಣಿಸುವುದಿಲ್ಲ. ಕಚ್ಚುವ ಕ್ಷಣವು ಕಾಣಿಸುವುದಿಲ್ಲ. ಕಡೆಗೆ ಆ ಪ್ರೇತದ ಎದೆಗೆ ಗೂಟವನ್ನು ಹೊಡೆಯುವಾಗಲೂ ನಮಗೆ ಕೇಳುವುದು ನರಳಿಕೆ ಮಾತ್ರ. ಭಯವು ಭಯಾನಕಕ್ಕೆ ಸ್ಥಾಯಿ, ಜುಗುಪ್ಸೆಯು ಬೀಭತ್ಸಕ್ಕೆ ಸ್ಥಾಯಿ ಎಂದು ವಿಭಾಗಿಸಿದ ಭರತನ ಅಭಿಪ್ರಾಯವನ್ನು ಈ ಚಿತ್ರವು ಅರಿಯದೆಯೇ ಪಾಲಿಸಿದೆ. ನಂತರ ಬಂದ ಅನೇಕ ಚಿತ್ರಗಳು ಎರಡನ್ನೂ ಕಲಸಿ, ಭಯವನ್ನು ಕಳೆದುಕೊಂಡು ಜುಗುಪ್ಸೆಯನ್ನು ಮಾತ್ರ ಉಳಿಸಿಕೊಂಡುವು. ರಕ್ತವನ್ನು ತೋರಿಸದೆ ಭಯವನ್ನು ಹುಟ್ಟಿಸಬೇಕಾದರೆ ಸಮಸ್ತಭಾರವೂ ನಟರ ಮುಖ, ಕಣ್ಣು, ಧ್ವನಿಗಳ ಮೇಲೆ ಬೀಳುತ್ತದೆ. ಈ ಭಾರವನ್ನು ಹೊತ್ತವರು ಯಾರು, ಅವರಿಗೆ ಏನಾಯಿತು ಎಂಬುದೇ ಪ್ರಸ್ತುತ ವಿಚಾರ.

ಪ್ರಧಾನನಟನಾದ ಬೇಲಾ ಲುಗೋಸಿಯು 1882ರ ಅಕ್ಟೋಬರ್ 20ರಂದು ಆಗಿನ ಹಂಗೆರಿಗೆ ಸೇರಿದ್ದ ಲುಗೋಷ್ ಎಂಬ ಊರಿನಲ್ಲಿ ಹುಟ್ಟಿದವನು. ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡನು. ತಾಯ್ನಾಡಿನಲ್ಲಿ ರಾಷ್ಟ್ರೀಯ ನಾಟಕಶಾಲೆಯ ಸದಸ್ಯನಾಗಿದ್ದನು. ಯೇಸುಸ್ವಾಮಿಯ ಪಾತ್ರವನ್ನೂ ವಹಿಸಿದ್ದನು. 1919ರ ಕ್ರಾಂತಿಯ ಕಾಲದಲ್ಲಿ ನಟರ ಸಂಘವನ್ನು ಕಟ್ಟಲು ದುಡಿದ ಕಾರಣ, ಆ ಸರಕಾರವು ಬಿದ್ದೊಡನೆ ದೇಶವನ್ನು ಬಿಟ್ಟು ಜರ್ಮನಿಗೂ, ಅಲ್ಲಿಂದ 1920ರಲ್ಲಿ ಅಮೆರಿಕಕ್ಕೂ ಹೋದನು. ಅಲ್ಲಿ 1922ರಲ್ಲಿ ಮೊದಲ ಇಂಗ್ಲಿಷ್ ನಾಟಕವನ್ನಾಡಿದಾಗ ಅವನಿಗೆ ಆ ಭಾಷೆಯು ಬರುತ್ತಿರಲಿಲ್ಲ; ಅರ್ಥವನ್ನರಿಯದೆ ಮಂತ್ರವನ್ನು ಹೇಳಿಕೊಳ್ಳುವ ವಟುವಿನಂತೆ ಧ್ವನಿಯನ್ನು ಹಿಡಿದೇ ಮಾತುಗಳನ್ನು ಬಾಯಿಪಾಠ ಮಾಡಿದನು. ಪದಪದವನ್ನೂ ಬಿಡಿಸಿ, ಎಳೆದು, ತೂಗಿ ಹೇಳುವ ಆ ಉಚ್ಚಾರಣೆಯೇ ಮುಂದೆ ಡ್ರಾಕುಲಾ ಪ್ರಭುವಿನ ಧ್ವನಿಯಾಯಿತು. ಪರದೇಶಿಯ ತೊಡಕು ಪ್ರೇತದ ಗಾಂಭೀರ್ಯವಾಗಿ ಪರಿಣಮಿಸಿದ ಈ ಸಂಗತಿಯು ಅಭಿನಯದ ಇತಿಹಾಸದಲ್ಲಿ ಅಪೂರ್ವವಾದುದು.

ಆದರೆ ಫಲವೇನು? ರಂಗದ ಮೇಲೆ ಆ ಪಾತ್ರವನ್ನು ಸಿದ್ಧಿಸಿಕೊಂಡಿದ್ದ ಅವನಿಗೆ ಚಿತ್ರದಲ್ಲಿ ದೊರೆತುದು ವಾರಕ್ಕೆ 500 ಡಾಲರಿನಂತೆ ಏಳು ವಾರಗಳಿಗೆ 3500 ಡಾಲರು. ಅದೇ ಚಿತ್ರದಲ್ಲಿ ನಾಯಕನಾಗಿ ನಿಂತ ಡೇವಿಡ್ ಮ್ಯಾನರ್ಸನಿಗೆ ವಾರಕ್ಕೆ 2000 ಡಾಲರು. ಚಿತ್ರವು ಜಯಘೋಷದಿಂದ ಓಡಿದ ಮರುವರ್ಷವೇ, ಎಂದರೆ 1932ರಲ್ಲಿ, ಲುಗೋಸಿಯು ದಿವಾಳಿಯಾದನು. ‘ಫ್ರಾಂಕೆನ್‌ಸ್ಟೈನ್’ ಚಿತ್ರದ ರಾಕ್ಷಸಪಾತ್ರವು ಮೊದಲು ಅವನಿಗೆಂದು ಯೋಚಿಸಲ್ಪಟ್ಟಿದ್ದು, ಕೈತಪ್ಪಿ ಬೋರಿಸ್ ಕಾರ್ಲಾಫನಿಗೆ ಹೋಯಿತು. ಅದೇ ಪಾತ್ರವು 1943ರಲ್ಲಿ ಅವನಿಗೆ ಬಂದಾಗ, ಚಿತ್ರವು ಹೊರಬೀಳುವ ಮುನ್ನ ಅವನ ಮಾತುಗಳೆಲ್ಲವನ್ನೂ ಕತ್ತರಿಸಿಹಾಕಿದರು. ಧ್ವನಿಯಿಂದ ಬದುಕಿದ ನಟನಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ನಡುವೆ 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಕೊರಳು ಸೊಟ್ಟಗಾದ ಇಗೋರನ ಪಾತ್ರದಲ್ಲಿ ಅವನು ತೋರಿದ ವಕ್ರಹಾಸ್ಯವೂ ಕಪಟವೂ ಡ್ರಾಕುಲಾ ಪಾತ್ರಕ್ಕಿಂತ ಮೇಲಾದ ಅಭಿನಯವೆಂದೇ ನಮ್ಮ ಮತ. ಆದರೆ ಅದನ್ನು ನೋಡಿದವರೂ ಅಲ್ಲಿ ಡ್ರಾಕುಲಾನನ್ನೇ ಹುಡುಕಿದರು. ಕಾಲುನೋವಿಗೆಂದು ಸೇವಿಸತೊಡಗಿದ ಮಾದಕೌಷಧವು ವ್ಯಸನವಾಗಲು, 1955ರಲ್ಲಿ ಅವನು ತಾನಾಗಿಯೇ ಸರಕಾರದ ಆಸ್ಪತ್ರೆಯನ್ನು ಸೇರಿದನು. ಎಪ್ಪತ್ತೆರಡರ ವಯಸ್ಸಿನಲ್ಲಿ ತನ್ನ ದೌರ್ಬಲ್ಯವನ್ನು ಬಹಿರಂಗವಾಗಿ ಹೇಳಿ ಚಿಕಿತ್ಸೆಯನ್ನು ಬೇಡಿದ ಆ ಧೈರ್ಯವನ್ನು ಅವನ ಚರಿತ್ರೆಯಲ್ಲಿ ಅಲ್ಪವೆಂದೆಣಿಸಲಾಗದು. 1956ರ ಆಗಸ್ಟ್ 16ರಂದು ಅವನು ತೀರಿಕೊಂಡನು. ಕುಟುಂಬದವರು ಡ್ರಾಕುಲಾ ಪಾತ್ರದ ಕರಿಯ ನಿಲುವಂಗಿಯನ್ನು ಹೊದಿಸಿಯೇ ಅವನನ್ನು ಹೂಳಿದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ನಿಲ್ಲಿಸಿ, ‘ಪಾತ್ರವೇ ನಟನ ರಕ್ತವನ್ನು ಹೀರಿತು’ ಎಂಬ ಒಂದು ಚಮತ್ಕಾರೋಕ್ತಿಯಿಂದ ಮುಗಿಸುತ್ತಾರೆ. ಕಿವಿಗೆ ಇಂಪಾದ ಮಾತು. ಆದರೆ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಇತರರನ್ನೂ ನೋಡಬೇಕು.

ಆ ಪ್ರೇತವನ್ನು ಗೆಲ್ಲುವ ವೃದ್ಧವಿದ್ವಾಂಸ ವ್ಯಾನ್ ಹೆಲ್ಸಿಂಗನಾಗಿ ನಟಿಸಿದವನು ಎಡ್ವರ್ಡ್ ವ್ಯಾನ್ ಸ್ಲೋನ್. ಇವನು ಹುಟ್ಟಿದ್ದು 1882ರ ನವೆಂಬರ್ 1ರಂದು. ಲುಗೋಸಿಗಿಂತ ಹನ್ನೆರಡೇ ದಿನ ಚಿಕ್ಕವನು. ಇಬ್ಬರೂ ನ್ಯೂಯಾರ್ಕಿನ ನಾಟಕದಲ್ಲಿ ಇವೇ ಪಾತ್ರಗಳನ್ನಾಡಿ ಚಿತ್ರಕ್ಕೆ ಬಂದವರು. ವ್ಯಾನ್ ಸ್ಲೋನನೂ ಒಂದೇ ಅಚ್ಚಿನಲ್ಲಿ ಸಿಕ್ಕಿಬಿದ್ದವನೇ: ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ, 1932ರ ‘ದಿ ಮಮ್ಮಿ’ ಚಿತ್ರದಲ್ಲಿ, 1936ರ ‘ಡ್ರಾಕುಲಾಸ್ ಡಾಟರ್’ ಚಿತ್ರದಲ್ಲಿ, ಎಲ್ಲೆಲ್ಲೂ ಅದೇ ವಿದ್ವಾಂಸ, ಅದೇ ಎಚ್ಚರಿಕೆಯ ಮಾತು. ಆದರೂ ಅವನು ಶಾಂತವಾಗಿ ನಿವೃತ್ತನಾಗಿ 1964ರಲ್ಲಿ ಎಂಬತ್ತೊಂದನೆಯ ವಯಸ್ಸಿನಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಕಾಲವಾದನು. ಸಮವಯಸ್ಕರಿಬ್ಬರು, ಒಂದೇ ನಾಟಕ, ಒಂದೇ ಚಿತ್ರ, ಒಂದೇ ತೆರನ ಬಂಧನ; ಪರಿಣಾಮ ಮಾತ್ರ ಬೇರೆ. ಬಂಧನವೊಂದೇ ಕಾರಣವಾಗಿದ್ದರೆ ಇಬ್ಬರ ಗತಿಯೂ ಒಂದಾಗಬೇಕಾಗಿತ್ತಲ್ಲವೆ?

ನೊಣಗಳನ್ನು ತಿನ್ನುವ ಹುಚ್ಚ ರೆನ್‌ಫೀಲ್ಡನಾದವನು ಡ್ವೈಟ್ ಫ್ರೈ. ಹಡಗಿನ ತಳದಿಂದ ಮೇಲಕ್ಕೆ ನೋಡುತ್ತ ಅವನು ನಗುವ ನಗೆಯನ್ನು ಒಮ್ಮೆ ಕೇಳಿದವರು ಮರೆಯಲಾರರು. ಇವನು ನ್ಯೂಯಾರ್ಕಿನ ರಂಗಭೂಮಿಯಲ್ಲಿ ಹಾಸ್ಯಪಾತ್ರಗಳಿಗೂ ಹೆಸರಾದವನು. ಪಿರಾಂಡೆಲೊ ಎಂಬ ಇಟಲಿಯ ನಾಟಕಕಾರನ, ಪಾತ್ರಗಳೇ ತಮ್ಮ ಕರ್ತೃವನ್ನು ಅರಸಿಕೊಂಡು ಬರುವ ಪ್ರಸಿದ್ಧ ನಾಟಕವು 1922ರಲ್ಲಿ ನ್ಯೂಯಾರ್ಕಿಗೆ ಬಂದಾಗ ಅದರಲ್ಲಿ ಮಗನ ಪಾತ್ರವನ್ನು ವಹಿಸಿದವನು. ಡ್ರಾಕುಲಾ ಚಿತ್ರದ ತರುವಾಯ ಅವನಿಗೆ ಬಂದುವು ಹುಚ್ಚರ, ಗೂನರ, ಹೆಣಗಳ್ಳರ ಪಾತ್ರಗಳೇ. ಅವೂ ವರ್ಷೇ ವರ್ಷೇ ಕಿರಿದಾಗುತ್ತ ಬಂದುವು. ಎರಡನೆಯ ಮಹಾಯುದ್ಧದಲ್ಲಿ ಹಗಲು ಚಿತ್ರಗಳಲ್ಲಿ ಕಿರುಪಾತ್ರ, ರಾತ್ರಿ ವಿಮಾನದ ಕಾರ್ಖಾನೆಯಲ್ಲಿ ಕೆಲಸ. ಕಡೆಗೆ ಅಧ್ಯಕ್ಷ ವಿಲ್ಸನ್ನನನ್ನು ಕುರಿತ ಚಿತ್ರದಲ್ಲಿ ಯುದ್ಧಮಂತ್ರಿಯ ಪಾತ್ರ, ಎಂದರೆ ಬುದ್ಧಿ ಸ್ಥಿಮಿತದಲ್ಲಿರುವ ಗೌರವಸ್ಥನ ಪಾತ್ರ, ದೊರೆಯಿತು. ಅದರ ಚಿತ್ರೀಕರಣಕ್ಕೆ ಮುಂಚೆಯೇ, 1943ರ ನವೆಂಬರ್ 7ರಂದು, ಮಗನೊಡನೆ ಚಿತ್ರವೊಂದನ್ನು ನೋಡಿ ಹಿಂತಿರುಗುವಾಗ ಬಸ್ಸಿನಲ್ಲಿ ಹೃದಯಾಘಾತವಾಗಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿದನು. ಮರಣಪತ್ರದಲ್ಲಿ ಅವನ ವೃತ್ತಿಯು ನಟನೆಂದಲ್ಲ, ಉಪಕರಣಗಳ ವಿನ್ಯಾಸಕನೆಂದು ಬರೆಯಲ್ಪಟ್ಟಿತು.

ನಾಯಿಕೆ ಮೀನಾ ಆಗಿ ನಟಿಸಿದ ಹೆಲೆನ್ ಚಾಂಡ್ಲರಳು ಬಾಲ್ಯದಿಂದಲೇ ರಂಗವನ್ನೇರಿದವಳು. 1925ರಲ್ಲಿ ಈಗಿನವರ ಉಡುಪಿನಲ್ಲಿ ಆಡಿದ ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾ ಆಗಿದ್ದಳು. ಇಬ್ಸನ್ನನ ‘ಕಾಡುಬಾತು’ ನಾಟಕದ ಹೆಡ್ವಿಗ್ ಎಂಬ ಬಾಲೆಯ ಪಾತ್ರವನ್ನೂ ಮಾಡಿದ್ದಳು. ಇಂಥ ಶಿಕ್ಷಣವುಳ್ಳ ನಟಿಗೆ ಡ್ರಾಕುಲಾ ಚಿತ್ರವು ಕೊಟ್ಟದ್ದು ಮೂರ್ಛೆ ಹೋಗುವ ಕೆಲಸವನ್ನು. ಆದರೂ ಕಡೆಯ ಭಾಗದಲ್ಲಿ ಪ್ರೇತದ ವಶವಾಗಿ ಪ್ರಿಯನ ಕೊರಳನ್ನೇ ದಿಟ್ಟಿಸುವ ಆ ಒಂದು ನೋಟದಲ್ಲಿ ಅವಳ ಶಕ್ತಿಯು ಹೊರಬೀಳುತ್ತದೆ. ಹತ್ತು ವರ್ಷಗಳೊಳಗೆ ಅವಳ ಚಿತ್ರಜೀವನವು ಮುಗಿಯಿತು. ಮದ್ಯವ್ಯಸನ, ಚಿಕಿತ್ಸಾಲಯದ ವಾಸ, 1950ರಲ್ಲಿ ಮನೆಗೆ ಬೆಂಕಿ ತಗುಲಿ ಮೈಯೆಲ್ಲ ಬೆಂದ ದುರಂತ ಇವುಗಳನ್ನು ದಾಟಿ, 1965ರಲ್ಲಿ, ಅರುವತ್ತು ತುಂಬುವ ಮೊದಲೇ ತೀರಿಕೊಂಡಳು. ಅವಳ ಚಿತಾಭಸ್ಮವು ಕೇಳುವವರಿಲ್ಲದೆ ದಶಕಗಳ ಕಾಲ ಲಾಸ್ ಏಂಜಲೀಸಿನ ದಹನಗೃಹದಲ್ಲಿಯೇ ಉಳಿದಿತ್ತು. ಅವಳಿಗೆ ಪ್ರೇತಪಾತ್ರವು ಎಂದೂ ಅಂಟಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಂಟಿದ ಪಾತ್ರದಿಂದ ಲುಗೋಸಿಯು ನೊಂದನು. ಯಾವ ಪಾತ್ರವೂ ಅಂಟದೆ ಇವಳು ಮರೆಯಾದಳು.

ಇನ್ನು ನಾಯಕ ಡೇವಿಡ್ ಮ್ಯಾನರ್ಸ್. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ 1900ರಲ್ಲಿ ಹುಟ್ಟಿದ ಇವನು 1936ರ ವೇಳೆಗೆ ಚಿತ್ರರಂಗಕ್ಕೆ ತಾನಾಗಿಯೇ ಕೈಮುಗಿದು ಮೊಹಾವಿ ಮರುಭೂಮಿಯ ಬಳಿ ಮನೆ ಮಾಡಿ ಕಾದಂಬರಿಗಳನ್ನೂ ಆತ್ಮವಿಚಾರದ ಗ್ರಂಥಗಳನ್ನೂ ಬರೆದನು. 1998ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ಗತಿಸಿದನು. ಡ್ರಾಕುಲಾ ಚಿತ್ರವನ್ನು ತಾನು ಎಂದೂ ನೋಡಿಲ್ಲವೆಂದು ಹೇಳುತ್ತಿದ್ದನಂತೆ. ಅವನ ವೈರಾಗ್ಯವು ಮೆಚ್ಚತಕ್ಕದ್ದೇ. ಆದರೆ ಅವನು ಬಿಟ್ಟದ್ದು ವಾರಕ್ಕೆ ಎರಡು ಸಾವಿರ ತಂದ ವೃತ್ತಿಯನ್ನು. ಐದು ನೂರರವನಿಗೆ ಆ ವೈರಾಗ್ಯವು ಅಷ್ಟು ಸುಲಭವಲ್ಲ.

ಚಿತ್ರದ ಮೊದಲ ಮಾತನ್ನಾಡುವವಳು ಗಾಡಿಯಲ್ಲಿ ಕುಳಿತು ಪ್ರವಾಸಪುಸ್ತಕವನ್ನೋದುವ ಕನ್ನಡಕದ ಹುಡುಗಿ. ಅವಳು ಯೂನಿವರ್ಸಲ್ ಸಂಸ್ಥಾಪಕನ ಅಣ್ಣತಮ್ಮಂದಿರ ಮಗಳಾದ ಕಾರ್ಲಾ ಲೆಮ್ಲೆ. ಅವಳು 2014ರವರೆಗೆ, ನೂರನಾಲ್ಕು ವರ್ಷ ಬಾಳಿದಳು. ಅದೇ ರಂಗಸಜ್ಜಿನಲ್ಲಿ ಇಂಗ್ಲಿಷಿನವರು ಹಗಲು ಕೆಲಸ ಮುಗಿಸಿ ಹೋದಮೇಲೆ ರಾತ್ರಿಯೆಲ್ಲ ದುಡಿದು ಇನ್ನೊಂದು ತಂಡವು ಸ್ಪ್ಯಾನಿಷ್ ಭಾಷೆಯ ‘ಡ್ರಾಕುಲಾ’ವನ್ನು ತೆಗೆಯಿತು; ಆ ಕಾಲದಲ್ಲಿ ಮಾತನ್ನು ಬೇರೆ ಭಾಷೆಯಲ್ಲಿ ತುಂಬುವ ವಿದ್ಯೆಯು ಪಕ್ವವಾಗಿರಲಿಲ್ಲ. ಅದರ ನಾಯಿಕೆಯಾದ ಮೆಕ್ಸಿಕೋದ ಲುಪಿತಾ ತೊವಾರ್ ಆ ಚಿತ್ರದ ಕಾರ್ಯಭಾರವನ್ನು ವಹಿಸಿದ್ದ ಪಾಲ್ ಕೋನರನನ್ನು 1932ರಲ್ಲಿ ವಿವಾಹವಾಗಿ, ಮಗಳು ನಟಿಯಾದುದನ್ನೂ ಮೊಮ್ಮಕ್ಕಳು ಚಿತ್ರನಿರ್ದೇಶಕರಾದುದನ್ನೂ ಕಂಡು, 2016ರಲ್ಲಿ ನೂರಾರನೆಯ ವಯಸ್ಸಿನಲ್ಲಿ ಕಾಲವಾದಳು. ಅಮೆರಿಕದ ಸಂಸದೀಯ ಗ್ರಂಥಾಲಯದವರು ಸಂರಕ್ಷಣೀಯ ಚಿತ್ರಗಳ ಪಟ್ಟಿಗೆ ಇಂಗ್ಲಿಷ್ ಡ್ರಾಕುಲಾವನ್ನು 2000ದಲ್ಲಿಯೂ ಸ್ಪ್ಯಾನಿಷ್ ಡ್ರಾಕುಲಾವನ್ನು 2015ರಲ್ಲಿಯೂ ಸೇರಿಸಿದರು. ಸಾಯದ ಪ್ರೇತದ ಕಥೆಯಲ್ಲಿ ನಟಿಸಿದವರಲ್ಲಿ ಇಬ್ಬರು ಶತಾಯುಷಿಗಳನ್ನು ದಾಟಿದರೆಂದಮೇಲೆ ಶಾಪದ ಕಥೆಯು ನಿಲ್ಲುವುದು ಹೇಗೆ?

ಶಾಪದ ಮಾತು ನಮಗೂ ಹೊಸದಲ್ಲ. ನಾಟ್ಯಶಾಸ್ತ್ರದ ಕಡೆಯಲ್ಲಿ ಭರತಪುತ್ರರು ಋಷಿಗಳನ್ನು ಅಣಕಿಸಿದ ಕಾರಣ ಶಾಪಕ್ಕೆ ಗುರಿಯಾದರೆಂಬ ಕಥೆಯಿದೆ. ಅದನ್ನು ಮುಂದಿಟ್ಟು, ನಟರ ಪತನಕ್ಕೆ ನಟರ ವೃತ್ತಿಯೇ ಕಾರಣವೆಂದು ಗೃಹಸ್ಥರು ಹೇಳುವುದುಂಟು. ಆ ಕಥೆಯನ್ನು ಸರಿಯಾಗಿ ಓದಿದವರಿಗೆ ತೋರುವುದೇ ಬೇರೆ: ಶಾಪದ ನಂತರವೂ ನಾಟ್ಯವು ನಾಶವಾಗಲಿಲ್ಲ, ಹೀನವಾದುದು ನಟರಿಗೆ ಸಮಾಜವು ಕೊಡುವ ಸ್ಥಾನ. ಎಂದರೆ ಶಾಪದ ನಿಜವಾದ ರೂಪವು ನೋಡುವವರ ನಡತೆಯೇ.

ರಸವು ಎಲ್ಲಿರುವುದೆಂಬ ಚರ್ಚೆಯಲ್ಲಿ ಲೊಲ್ಲಟನು ಅದು ಮುಖ್ಯವಾಗಿ ಅನುಕಾರ್ಯನಲ್ಲಿದೆಯೆಂದನು. ಶಂಕುಕನು ಚಿತ್ರದ ಕುದುರೆಯನ್ನು ಕುದುರೆಯೆಂದು ತಿಳಿಯುವಂತೆ ನಟನಲ್ಲಿ ಊಹಿಸುತ್ತೇವೆಂದನು. ಅಭಿನವಗುಪ್ತನು ಸಹೃದಯನಲ್ಲಿಯೇ ಇದೆಯೆಂದು ಸಿದ್ಧಾಂತ ಮಾಡಿದನು. ನಟನು ಪಾತ್ರ, ಎಂದರೆ ಪಾತ್ರೆ. ಪಾನಕದ ಸವಿಯು ಪಾತ್ರೆಗೆ ದಕ್ಕುವುದಿಲ್ಲವೆಂಬುದು ಅವನ ಅಭಿಪ್ರಾಯ. ಶಾಸ್ತ್ರವಾಗಿ ಇದು ನಿರ್ದುಷ್ಟ. ಆದರೆ ಪಾತ್ರೆಯು ಮನುಷ್ಯನಾದಾಗ ಒಂದು ಕರ್ತವ್ಯವು ಹುಟ್ಟುತ್ತದೆ. ಕುಡಿದವರು ಪಾತ್ರೆಯನ್ನು ತೊಳೆದಿಡಬೇಕು. ಬಣ್ಣದ ವೇಷದ ಯಕ್ಷಗಾನ ಕಲಾವಿದನು ಚೌಕಿಯಲ್ಲಿ ಬಣ್ಣ ತೆಗೆದೊಡನೆ ಊರವರಿಗೆ ರಾಕ್ಷಸನಲ್ಲ, ಗೌರವದ ಮನುಷ್ಯ. ಲುಗೋಸಿಯನ್ನು ಅವನ ಪ್ರೇಕ್ಷಕರು ತೊಳೆಯಲು ಬಿಡಲಿಲ್ಲ.

ಪ್ರೇಕ್ಷಕರಷ್ಟೇ ಅಲ್ಲ, ವ್ಯಾಪಾರವೂ ಬಿಡಲಿಲ್ಲ. 1938ರಲ್ಲಿ ಡ್ರಾಕುಲಾ ಮತ್ತು ಫ್ರಾಂಕೆನ್‌ಸ್ಟೈನ್ ಚಿತ್ರಗಳನ್ನು ಜೊತೆಯಾಗಿ ಪುನಃ ತೋರಿಸಿದಾಗ ಜನ ಮುಗಿಬಿದ್ದರು. ಹೊಸ ಹಣದಲ್ಲಿ ಹಳೆಯ ನಟನಿಗೆ ಪಾಲಿರಲಿಲ್ಲ. 1957ರಲ್ಲಿ ಈ ಚಿತ್ರಗಳನ್ನು ದೂರದರ್ಶನಕ್ಕೆ ಮಾರಲು ಮನೆಮನೆಯಲ್ಲಿ ಲುಗೋಸಿಯ ಮುಖವು ಬೆಳಗಿತು. ಅವನು ಸತ್ತು ವರ್ಷವಾಗಿತ್ತು. ಚಿತ್ರನಟರ ಸಂಘವು 1933ರಲ್ಲಿ ಸ್ಥಾಪನೆಯಾದಾಗ ಆದಿಯ ಸದಸ್ಯರಲ್ಲಿ ಅವನೂ ಒಬ್ಬನು. ಆ ಸಂಘವು 1960ರಲ್ಲಿ ಮುಷ್ಕರ ಹೂಡಿ, ಚಿತ್ರಗಳು ದೂರದರ್ಶನಕ್ಕೆ ಹೋದಾಗ ನಟರಿಗೆ ಪಾಲು ಕೊಡಬೇಕೆಂಬ ನಿಯಮವನ್ನು ಗಳಿಸಿತು. ಹಳೆಯ ಚಿತ್ರಗಳಿಗೆ ಅದು ಅನ್ವಯಿಸಲಿಲ್ಲ. ಅವನ ಮುಖವನ್ನು ಆಟಿಕೆಗಳ ಮೇಲೂ ಉಡುಪುಗಳ ಮೇಲೂ ಅಚ್ಚುಹಾಕಿ ಮಾರುವ ಹಕ್ಕು ಯಾರದೆಂದು ಅವನ ವಿಧವೆಯೂ, ನ್ಯಾಯವಾದಿಯಾದ ಮಗನೂ ಹೂಡಿದ ವ್ಯಾಜ್ಯವನ್ನು 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಅವರಿಗೆ ವಿರುದ್ಧವಾಗಿ ತೀರ್ಮಾನಿಸಿತು: ಬದುಕಿದ್ದಾಗ ತಾನೇ ಆ ಹಕ್ಕನ್ನು ವ್ಯಾಪಾರಕ್ಕೆ ಬಳಸದವನು ಅದನ್ನು ವಾರಸುದಾರರಿಗೆ ಬಿಡಲಾರನೆಂದು. 1985ರಿಂದ ಆ ಸಂಸ್ಥಾನದ ಶಾಸನವೇ ಬದಲಾಗಿ, ಗತಿಸಿದವರ ಮುಖದ ಹಕ್ಕು ಮಕ್ಕಳಿಗೆ ಸೇರುವಂತಾಯಿತು. ಲುಗೋಸಿ ಮನೆತನದ ಸೋಲು ಇತರ ನಟರ ಮನೆತನಗಳಿಗೆ ಗೆಲವಿನ ದಾರಿಯಾಯಿತೆನ್ನಬಹುದು.

ಈ ಚರಿತ್ರೆಯನ್ನು ಹೀಗೆ ಪೂರ್ತಿಯಾಗಿ ನೋಡಿದಮೇಲೆ ರಕ್ತ ಹೀರಿದವನು ಪಾತ್ರದ ಪ್ರೇತನೆಂದು ಹೇಳಲು ನಮಗೆ ಮನಸ್ಸು ಬಾರದು. ಕಡಿಮೆ ಕೂಲಿ, ಪಾಲಿಲ್ಲದ ಕರಾರು, ಪರದೇಶಿಯ ಉಚ್ಚಾರಣೆಗೆ ಒಂದೇ ಬಗೆಯ ಕೆಲಸವನ್ನು ಕೊಡುವ ಸಂಕುಚಿತ ಬುದ್ಧಿ, ಒಮ್ಮೆ ಕಂಡದ್ದನ್ನೇ ಮತ್ತೆ ಬೇಡುವ ನಮ್ಮ ಹವ್ಯಾಸ: ಇವು ಲುಗೋಸಿಯನ್ನೂ ಫ್ರೈಯನ್ನೂ ತಿಂದ ಸಂಗತಿಗಳು. ಹೆಲೆನ್ ಚಾಂಡ್ಲರಳದು ವ್ಯಾಧಿಯ ಕಥೆ. ಇವುಗಳಲ್ಲಿ ಒಂದೂ ಅಲೌಕಿಕವಲ್ಲ. ಆದುದರಿಂದಲೇ ಕೆಲವು ಮನುಷ್ಯಪ್ರಯತ್ನದಿಂದ ತಿದ್ದಲ್ಪಟ್ಟುವು. ಶಾಪವೆಂದು ನಂಬಿದ್ದರೆ 1960ರ ಮುಷ್ಕರವೂ 1985ರ ಶಾಸನವೂ ಹುಟ್ಟುತ್ತಿರಲಿಲ್ಲ.

ಸಹೃದಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. 1994ರಲ್ಲಿ ಬಂದ ‘ಎಡ್ ವುಡ್’ ಚಿತ್ರದಲ್ಲಿ ಲುಗೋಸಿಯ ವಾರ್ಧಕ್ಯವನ್ನು ಅಭಿನಯಿಸಿ ಮಾರ್ಟಿನ್ ಲ್ಯಾಂಡೊ ಆಸ್ಕರ್ ಪ್ರಶಸ್ತಿಯನ್ನು ಪಡೆದನು. ಆ ಚಿತ್ರವನ್ನು ನೋಡಿ ಮರುಗುವವರು ಅನೇಕರಿದ್ದಾರೆ. ಮರುಗುವುದು ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು, ಒಂದು ಸಂಜೆ ಅವನ ಇಗೋರನನ್ನು ನೋಡುವುದು. ಡ್ರಾಕುಲಾನನ್ನು ಮರೆತು, ಎಪ್ಪತ್ತು ಬಗೆಯ ಪಾತ್ರಗಳಿಗೆ ಸಮರ್ಥನಾಗಿದ್ದ ಒಬ್ಬ ಹಂಗೆರಿಯ ನಟನನ್ನು ಅಲ್ಲಿ ಕಾಣುವುದು.